ಶೀತಪೇಟಿಕೆಯೂ ತುಷಾರನಿರಸನವೂ

ಹಾಲು, ಮೊಸರು, ಹಣ್ಣು, ಮೀನು, ಮಾಂಸ ಮೊದಲಾದ ಬೇಗನೆ ಕೆಡುವ ಪದಾರ್ಥಗಳನ್ನು ತಣ್ಣಗಿಟ್ಟು, ಅದೇ ಕಾಲದಲ್ಲಿ ಕೊಳ್ಳುವವರ ಕಣ್ಣಿಗೂ ಕಾಣುವಂತೆ ಮಾಡುವುದಕ್ಕಾಗಿ ಅಂಗಡಿಗಳಲ್ಲಿ ಏರ್ಪಟ್ಟಿರುವ ಪೆಟ್ಟಿಗೆಯನ್ನು ಈ ಲೇಖನದಲ್ಲಿ ಶೀತಪೇಟಿಕೆಯೆಂದು ಕರೆದಿರುವೆನು. ಇದರ ಇತಿಹಾಸವನ್ನು ಹೇಳಹೊರಟವರು ಸಾಮಾನ್ಯವಾಗಿ ಶೈತ್ಯವನ್ನು ಉಂಟುಮಾಡುವ ಯಂತ್ರದ ಇತಿಹಾಸವನ್ನೇ ಹೇಳಿ ಮುಗಿಸುವರು. ಈಥರನ್ನು ಮೊದಲು ಆವಿಯಾಗಿಸಿದವರು ಯಾರು, ಅಮೋನಿಯಾವನ್ನು ಹಿಂಡಿದವರು ಯಾರು ಎಂಬಿವೇ ಅವರ ಪ್ರಶ್ನೆಗಳು. ನನ್ನ ಅಭಿಪ್ರಾಯದಲ್ಲಿ ಇದು ಅರ್ಧ ಇತಿಹಾಸ. ಪೆಟ್ಟಿಗೆಯು ಇಂದು ನಾವು ಕಾಣುವ ಆಕಾರವನ್ನು ತಾಳಲು ಮುಖ್ಯ ಕಾರಣ ನೀರು. ಗಾಳಿಯೊಡನೆ ಅಗೋಚರವಾಗಿ ಒಳಹೊಕ್ಕು ತಣ್ಣನೆಯ ಲೋಹದ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿ ಕೂರುವ ನೀರು. ಅದನ್ನು ಕಾಲಕಾಲಕ್ಕೆ ಕರಗಿಸಿ ಹೊರಹಾಕುವ ಉಪಾಯವಿಲ್ಲದಿದ್ದರೆ ಯಾವ ಯಂತ್ರವಿದ್ದೂ ಪ್ರಯೋಜನವಿಲ್ಲ. ಈ ಪಕ್ಷವನ್ನು ಸಾಧಿಸುವುದೇ ಲೇಖನದ ಉದ್ದೇಶ.

ವ್ಯಾಕರಣ ಕೋಶಗಳಲ್ಲಿ ಕಾಲ ಕಳೆದವನಿಗೆ ಈ ವಿಷಯದಲ್ಲಿ ಅಧಿಕಾರವೆಲ್ಲಿಯದೆಂದು ವಾಚಕರು ಕೇಳಬಹುದು. ಲೇಖನಕ್ಕೆ ನಿಮಿತ್ತವಾದುದು ಒಂದು ಸಣ್ಣ ಪ್ರಸಂಗ. ನನ್ನ ಪರಿಚಿತರೊಬ್ಬರು ಮಂಗಳೂರಿನಲ್ಲಿ ಹಾಲು ಹಣ್ಣುಗಳ ಅಂಗಡಿ ಇಟ್ಟಿದ್ದಾರೆ. ಅವರ ತಮ್ಮನ ಅಂಗಡಿ ಬೆಂಗಳೂರಿನಲ್ಲಿದೆ. ಇಬ್ಬರೂ ಒಂದೇ ಕಡೆ ತಯಾರಾದ, ಒಂದೇ ಅಳತೆಯ, ಮುಂಭಾಗ ತೆರೆದಿರುವ ಶೀತಪೇಟಿಕೆಗಳನ್ನು ಕೊಂಡರು. ಬೆಂಗಳೂರಿನದು ತಕರಾರಿಲ್ಲದೆ ನಡೆಯಿತು. ಮಂಗಳೂರಿನದು ಆಷಾಢದಲ್ಲಿ ಕೆಟ್ಟಿತು. ಹಿಂದಿನ ಕೊಳವೆಗಳ ಮೇಲೆ ಹಿಂಜಿದ ಹತ್ತಿಯಂತೆ ಬಿಳುಪು ತುಂಬಿ, ಯಂತ್ರವು ಬಿಡುವಿಲ್ಲದೆ ಗೊರಗುಟ್ಟುತ್ತಿದ್ದರೂ ಹಾಲು ಬೆಚ್ಚಗಾಗಿ ಒಡೆಯಿತು. ಕೆಲಸದ ಹುಡುಗನು ಬಿಳುಪನ್ನು ಚಾಕುವಿನಿಂದ ಕೆರೆಯಹೋಗಿ ಕೊಳವೆಯನ್ನೇ ತೂತುಮಾಡಿದನು. ಸುಯ್ಯೆಂದು ಅನಿಲ ಹೊರಟುಹೋಯಿತು. ಬಂದ ಮೆಕ್ಯಾನಿಕ್ಕನು, ತೂತೊಂದನ್ನು ಬಿಟ್ಟರೆ ಯಂತ್ರದಲ್ಲಿ ಯಾವ ದೋಷವೂ ಇಲ್ಲವೆಂದು ಪ್ರಮಾಣಪೂರ್ವಕವಾಗಿ ಹೇಳಿದನು. ದೋಷವಿಲ್ಲದ ಯಂತ್ರವು ಒಂದೂರಿನಲ್ಲಿ ನಡೆದು ಇನ್ನೊಂದೂರಿನಲ್ಲಿ ನಿಲ್ಲುವುದೇಕೆ? ಉತ್ತರವನ್ನು ಹುಡುಕುತ್ತ ಹೋದಂತೆ ಈ ಇತಿಹಾಸವು ಬಿಚ್ಚಿಕೊಂಡಿತು.

ಮೊದಲು ಶಬ್ದವಿಚಾರವನ್ನು ಮುಗಿಸಿಬಿಡುವೆನು. ಅಮರಸಿಂಹನು ದಿಗ್ವರ್ಗದಲ್ಲಿ ಹಿಮ, ತುಹಿನ, ತುಷಾರ, ನೀಹಾರ, ಪ್ರಾಲೇಯ, ಅವಶ್ಯಾಯ, ಮಿಹಿಕಾ ಎಂಬ ಏಳನ್ನೂ ಪರ್ಯಾಯಪದಗಳಾಗಿ ಹೇಳಿ, ಹಿಮದ ರಾಶಿಗೆ ಮಾತ್ರ ಹಿಮಾನಿಯೆಂಬ ಬೇರೆ ಹೆಸರನ್ನು ಕೊಟ್ಟಿದ್ದಾನೆ. ಕಾವ್ಯಕ್ಕೆ ಇಷ್ಟು ಸಾಕು. ಆದರೆ ಗಾಳಿಯಲ್ಲಿ ತೇಲುವ ಮಂಜು, ಎಲೆಯ ಮೇಲೆ ಹನಿಯಾಗುವ ಇಬ್ಬನಿ, ನೀರು ಹೆಪ್ಪಾದ ಗಡ್ಡೆ, ಆವಿಯು ನೀರಾಗದೆ ನೇರವಾಗಿ ಹರಳುಗಟ್ಟಿ ಕೂರುವ ಬಿಳುಪು, ಇವು ನಾಲ್ಕು ಬೇರೆ ಬೇರೆ ವಸ್ತುಗಳು. ಕೊನೆಯದಕ್ಕೆ ಕನ್ನಡದ ಆಡುಮಾತಿನಲ್ಲಿ ಎಲ್ಲರಿಗೂ ತಿಳಿದ ಹೆಸರಿಲ್ಲ. ನಮ್ಮ ನಾಡಿನ ಬಹುಭಾಗದಲ್ಲಿ ಅದನ್ನು ಕಾಣುವ ಸಂದರ್ಭವೇ ಇರಲಿಲ್ಲ. ಇಲ್ಲಿ ಅದಕ್ಕೆ ತುಷಾರವೆಂಬ ಪದವನ್ನು ಗೊತ್ತುಮಾಡಿಕೊಂಡು, ಅಂಗಡಿಯವರು ಡಿಫ್ರಾಸ್ಟ್ ಎನ್ನುವ ಕ್ರಿಯೆಗೆ ತುಷಾರನಿರಸನವೆಂದಿರುವೆನು. ಪಂಡಿತರು ಇದಕ್ಕಿಂತ ಒಳ್ಳೆಯ ಪದವನ್ನು ಸೂಚಿಸಿದರೆ ಸಂತೋಷವೇ.

ಶೀತಪೇಟಿಕೆಯ ಹಿಂದಿನ ಯುಗವನ್ನು ಗೋಪನಯುಗವೆನ್ನಬಹುದು. ಆಗ ಶೈತ್ಯವು ಬಚ್ಚಿಡಬೇಕಾದ ವಸ್ತುವಾಗಿದ್ದಿತು. ೧೮೩೩ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಟಸ್ಕನಿ ಎಂಬ ಹಡಗಿನಲ್ಲಿ ಸುಮಾರು ೧೮೦ ಟನ್ ಮಂಜುಗಡ್ಡೆಯನ್ನು ಕಲ್ಕತ್ತೆಗೆ ಕಳುಹಿಸಿದನು. ನಾಲ್ಕು ತಿಂಗಳ ಪ್ರಯಾಣ ಮುಗಿದಾಗ ಸುಮಾರು ೧೦೦ ಟನ್ ಉಳಿದಿದ್ದಿತು. ಮದರಾಸಿನ ಕಡಲತೀರದಲ್ಲಿ ಅದೇ ವ್ಯಾಪಾರಕ್ಕಾಗಿ ೧೮೪೨ರಲ್ಲಿ ಕಟ್ಟಿದ ಹಿಮಗೃಹವು ಈಗಲೂ ಇದೆ. ೧೮೯೭ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದುದರಿಂದ ಆ ಕಟ್ಟಡಕ್ಕೆ ಅವರ ಹೆಸರೇ ಬಂದಿದೆ. ದಪ್ಪ ಗೋಡೆ, ಗರಗಸದ ಹೊಟ್ಟು, ಕತ್ತಲೆ ಇವೇ ಅಂದಿನ ರಕ್ಷಣೋಪಾಯಗಳು. ಈ ಯುಗದಲ್ಲಿ ತುಷಾರದ ಸಮಸ್ಯೆಯೇ ಇರಲಿಲ್ಲವೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಕರಗುತ್ತಿರುವ ಮಂಜುಗಡ್ಡೆಯ ಮೈ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಆದುದರಿಂದ ಗಾಳಿಯ ತೇವವು ಅದರ ಮೇಲೆ ಹನಿಯಾಗಿ ಕೂಡಿ, ಕರಗಿದ ನೀರಿನೊಡನೆ ಬೆರೆತು, ಕೆಳಗಿನ ತೂತಿನಿಂದ ಹರಿದುಹೋಗುತ್ತಿದ್ದಿತು. ಮಂಜುಗಡ್ಡೆಯ ಪೆಟ್ಟಿಗೆಯು ತನ್ನನ್ನು ತಾನೇ ತೊಳೆದುಕೊಳ್ಳುತ್ತಿದ್ದಿತು. ಮುಂದೆ ಯಂತ್ರಗಳು ಬಂದಾಗ, ಅವು ಆಹಾರವನ್ನು ಒಣಗಿಸುತ್ತವೆಂದು ಮಂಜುಗಡ್ಡೆಯ ವರ್ತಕರು ಹೇಳುತ್ತಿದ್ದುದು ಬರಿಯ ಹೊಟ್ಟೆಯುರಿಯ ಮಾತಲ್ಲ.

ಯಂತ್ರದ ತತ್ತ್ವವನ್ನು ನಾವು ಅರವಟ್ಟಿಗೆಯ ಮಣ್ಣಿನ ಗಡಿಗೆಯಿಂದಲೇ ತಿಳಿಯಬಹುದು. ಗಡಿಗೆಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನ ಕಾವನ್ನು ಎಳೆದುಕೊಂಡು ಹೋಗುತ್ತದೆ. ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಕಲ್ಲನನು ನೀರಿಗಿಂತ ಬೇಗ ಆವಿಯಾಗುವ ದ್ರವವನ್ನು, ಗಾಳಿಯನ್ನು ಹೊರದೆಗೆದ ಪಾತ್ರೆಯಲ್ಲಿ ಆವಿಯಾಗಿಸಿ ನೀರನ್ನು ಹೆಪ್ಪುಗಟ್ಟಿಸಿದ ಪ್ರಯೋಗವನ್ನು ೧೭೫೬ರಲ್ಲಿ ಪ್ರಕಟಿಸಿದನು. ಗಡಿಗೆಯ ಆವಿ ಹೋದುದು ಹೋಯಿತು. ಅದನ್ನು ಮತ್ತೆ ಹಿಡಿದು, ಹಿಂಡಿ, ದ್ರವಮಾಡಿ, ಪುನಃ ಪುನಃ ಉಪಯೋಗಿಸುವ ಚಕ್ರಕ್ಕೆ ೧೮೩೪ರಲ್ಲಿ ಲಂಡನ್ನಿನಲ್ಲಿ ಜೇಕಬ್ ಪರ್ಕಿನ್ಸನು ಪೇಟೆಂಟನ್ನು ಪಡೆದನು. ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್, ಜರ್ಮನಿಯ ಕಾರ್ಲ್ ಲಿಂಡೆ ಮೊದಲಾದವರ ಕಥೆಯು ಪ್ರಸಿದ್ಧವಾದುದರಿಂದ ವಿಸ್ತರಿಸುವುದಿಲ್ಲ. ನಮ್ಮ ಪ್ರಕೃತಕ್ಕೆ ಬೇಕಾದುದು ಇಷ್ಟೇ: ಯಂತ್ರದ ಕೊಳವೆಯು ಸೊನ್ನೆಗಿಂತ ಬಹಳ ಕೆಳಗೆ ಇಳಿಯಬಲ್ಲುದು. ಇಳಿದೊಡನೆ ಅದರ ಮೇಲೆ ಕೂರುವ ತೇವವು ಹರಿಯುವುದನ್ನು ಬಿಟ್ಟು ತುಷಾರವಾಗಿ ನಿಲ್ಲುವುದು. ಯಂತ್ರವು ಮಂಜುಗಡ್ಡೆಯನ್ನು ಗೆದ್ದ ದಿನವೇ ಈ ಸಾಲವೂ ಹುಟ್ಟಿತು.

ಸಾಲವು ಪೀಡೆಯಾದುದು ಪ್ರದರ್ಶನ ಮೊದಲಾದ ಮೇಲೆ. ಅಮೆರಿಕದ ಸೇಂಟ್ ಲೂಯಿ ನಗರದ ಹ್ಯಾರಿ ಹಸ್‌ಮನ್ ಎಂಬವನು ಮಂಜುಗಡ್ಡೆ ಮತ್ತು ಉಪ್ಪಿನಿಂದ ತಂಪಾಗುವ ಮಾಂಸಪ್ರದರ್ಶನದ ಪೆಟ್ಟಿಗೆಗೆ ೧೯೧೭ರಲ್ಲಿ ಪೇಟೆಂಟನ್ನು ಪಡೆದನು. ಅದಕ್ಕೆ ಒಂದು ವರ್ಷ ಮೊದಲು, ೧೯೧೬ರಲ್ಲಿ, ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸನು ಪಿಗ್ಲಿ ವಿಗ್ಲಿ ಎಂಬ ವಿಚಿತ್ರವಾದ ಹೆಸರಿನ ಅಂಗಡಿಯನ್ನು ತೆರೆದು, ಕೊಳ್ಳುವವರು ತಾವೇ ಒಳಗೆ ಓಡಾಡಿ ಸಾಮಾನನ್ನು ಎತ್ತಿಕೊಳ್ಳುವ ಪದ್ಧತಿಯನ್ನು ಮೊದಲುಮಾಡಿದ್ದನು. ವರ್ತಕನು ಕಟ್ಟೆಯ ಹಿಂದೆ ನಿಂತು ತೆಗೆದುಕೊಡುವವರೆಗೆ ಪೆಟ್ಟಿಗೆಯ ಬಾಗಿಲು ಅವನ ಕೈಯಲ್ಲಿದ್ದಿತು. ಗಿರಾಕಿಯೇ ಕೈಹಾಕತೊಡಗಿದರೆ ಬಾಗಿಲು ಎಲ್ಲರ ಕೈಗೂ ಬರುವುದು. ಬಾಗಿಲು ತೆರೆದಷ್ಟೂ ತೇವದ ಗಾಳಿ ಒಳಹೋಗುವುದು.

ಮಾಂಸದ ವಿಷಯದಲ್ಲಿ ಇನ್ನೊಂದು ತೊಡಕಿದ್ದಿತು. ಕೊಳವೆಯ ಮೇಲಿನ ತುಷಾರವೆಲ್ಲ ಹೊರಗಿನ ಗಾಳಿಯಿಂದಲೇ ಬರುವುದೆಂದು ತಿಳಿಯಬಾರದು. ಹೊದಿಕೆಯಿಲ್ಲದೆ ಇಟ್ಟ ಮಾಂಸ, ಸೊಪ್ಪು, ಹಣ್ಣುಗಳ ತೇವವನ್ನೂ ತಣ್ಣನೆಯ ಕೊಳವೆಯು ಎಳೆದುಕೊಳ್ಳುತ್ತದೆ. ಅರ್ಥಾತ್ ವರ್ತಕನು ತೂಗಿ ಮಾರಬೇಕಾದ ಪದಾರ್ಥದ ಒಂದಂಶವು ಕೊಳವೆಗೆ ಅಂಟಿ ಕೂತಿರುತ್ತದೆ. ೧೯೨೭ರಲ್ಲಿ ಡ್ಯೂಪಾಂಟ್ ಸಂಸ್ಥೆಯ ವಿಲಿಯಂ ಚಾರ್ಚ್ ಎಂಬ ರಸಾಯನಶಾಸ್ತ್ರಜ್ಞನು ತೇವವನ್ನು ತಡೆಯುವ ಸೆಲೊಫೇನನ್ನು ಸಿದ್ಧಪಡಿಸಿದ ಮೇಲೆ ಮಾಂಸವನ್ನು ಸುತ್ತಿ, ಒಣಗದಂತೆ, ಕಾಣುವಂತೆ ಇಡುವುದು ಸಾಧ್ಯವಾಯಿತು. ಶೀತಪೇಟಿಕೆಯ ಚರಿತ್ರೆಯಲ್ಲಿ ಈ ಪಾರದರ್ಶಕವಾದ ಕಾಗದಕ್ಕೆ ಯಾವ ಕಂಪ್ರೆಸರಿಗೂ ಕಡಮೆಯಲ್ಲದ ಸ್ಥಾನ ಸಲ್ಲಬೇಕು.

೧೯೩೦ನೆಯ ವರ್ಷವು ನಮ್ಮ ವಿಷಯಕ್ಕೆ ಸಂಧಿಕಾಲ. ಆ ವರ್ಷ ಮೂರು ಘಟನೆಗಳು ನಡೆದುವು. ಥಾಮಸ್ ಮಿಡ್ಜ್‌ಲಿ ಎಂಬವನು ಫ್ರಿಯಾನ್ ಎಂದು ಹೆಸರಾದ ಹೊಸ ಅನಿಲವನ್ನು ವಿದ್ವಾಂಸರ ಸಭೆಯಲ್ಲಿ ತಾನೇ ಸೇದಿ, ಅದನ್ನೇ ಊದಿ ಮೇಣದ ಬತ್ತಿಯನ್ನು ಆರಿಸಿ, ಅದು ವಿಷವೂ ಅಲ್ಲ, ಉರಿಯುವುದೂ ಇಲ್ಲವೆಂದು ತೋರಿಸಿದನು. ಅಂದಿನವರೆಗೆ ಅಮೋನಿಯಾ, ಗಂಧಕದ ಅನಿಲ ಮುಂತಾದ ಅಪಾಯಕರ ವಸ್ತುಗಳು ಯಂತ್ರದಲ್ಲಿದ್ದುದರಿಂದ ಅದನ್ನು ಜನರು ತುಂಬಿದ ಅಂಗಡಿಯ ನಡುವೆ ಇಡಲು ಅಂಜಿಕೆಯಿದ್ದಿತು. ಆಗಸ್ಟಿನಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದಲ್ಲಿ ಮೈಕೇಲ್ ಕಲ್ಲನನು, ಖಾಲಿ ಬಿದ್ದಿದ್ದ ಮೋಟಾರುಖಾನೆಯೊಂದನ್ನು ಬಾಡಿಗೆಗೆ ಹಿಡಿದು, ಕಿಂಗ್ ಕಲ್ಲನ್ ಎಂಬ ಮಹಾವಿಪಣಿಯನ್ನು ತೆರೆದನು; ಇಂದಿನ ಸೂಪರ್ ಮಾರ್ಕೆಟ್ಟುಗಳ ಮೂಲಪುರುಷನೆಂದು ಅವನನ್ನು ಎಣಿಸುವರು. ಶೈತ್ಯವನ್ನು ಹುಟ್ಟಿಸಿದವನೂ ಕಲ್ಲನ್, ಅದನ್ನು ಮಾರುವ ಬೀದಿಯನ್ನು ಹಾಕಿದವನೂ ಕಲ್ಲನ್! ನಾಮಸಾಮ್ಯದಿಂದ ವಂಶವನ್ನು ಕಲ್ಪಿಸುವ ಅಭ್ಯಾಸ ನಮ್ಮ ಕೆಲವು ಸಂಶೋಧಕರಿಗಿರುವುದರಿಂದ, ಇಲ್ಲಿರುವುದು ಹೆಸರಿನ ಸಾಮ್ಯ ಮಾತ್ರವೆಂದು ಹೇಳಿಬಿಡುವುದು ಕ್ಷೇಮ.

ಮೂರನೆಯ ಘಟನೆಯು ಇವೆರಡಕ್ಕೂ ಮೊದಲು, ಮಾರ್ಚಿ ೬ರಂದು, ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ನಡೆಯಿತು. ಕ್ಲಾರೆನ್ಸ್ ಬರ್ಡ್ಸ್‌ಐ ಎಂಬವನು ೧೯೧೨ರಿಂದ ಕೆಲವು ವರ್ಷ ಲ್ಯಾಬ್ರಡಾರಿನಲ್ಲಿ ತುಪ್ಪುಳ ಚರ್ಮದ ವ್ಯಾಪಾರದಲ್ಲಿದ್ದಾಗ, ಅಲ್ಲಿನ ಇನ್ಯುಯಿಟ್ ಜನರು ಹಿಡಿದ ಮೀನು ಘೋರವಾದ ಚಳಿಗಾಳಿಗೆ ಸಿಕ್ಕಿ ಕ್ಷಣಮಾತ್ರದಲ್ಲಿ ಕಲ್ಲಾಗುವುದನ್ನೂ, ತಿಂಗಳುಗಳ ಮೇಲೆ ಅದನ್ನು ಬೇಯಿಸಿದರೆ ತಾಜಾ ಮೀನಿನ ರುಚಿಯೇ ಇರುವುದನ್ನೂ ಕಂಡನು. ನಿಧಾನವಾಗಿ ಹೆಪ್ಪುಗಟ್ಟಿದರೆ ನೀರಿನ ಹರಳುಗಳು ದೊಡ್ಡವಾಗಿ ಬೆಳೆದು ಮಾಂಸದ ಎಳೆಗಳನ್ನು ಹರಿಯುವುವು. ಶೀಘ್ರವಾಗಿ ಹೆಪ್ಪುಗಟ್ಟಿದರೆ ಹರಳು ಸಣ್ಣದಾಗಿ ಉಳಿಯುವುದು. ಈ ಒಂದು ಸೂಕ್ಷ್ಮದ ಮೇಲೆ ಅವನು ತನ್ನ ಉದ್ಯಮವನ್ನು ಕಟ್ಟಿದನು. ೧೯೨೯ರಲ್ಲಿ ಅದು ೨ ಕೋಟಿ ೨೦ ಲಕ್ಷ ಡಾಲರಿಗೆ ಮಾರಾಟವಾಯಿತು. ಕೊಂಡ ಸಂಸ್ಥೆಯು ಸ್ಪ್ರಿಂಗ್‌ಫೀಲ್ಡಿನ ೧೮ ಅಂಗಡಿಗಳಲ್ಲಿ ಮೀನು, ಮಾಂಸ, ಬಟಾಣಿ, ಪಾಲಕು, ಹಣ್ಣು ಮುಂತಾದುವನ್ನು ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಮಾರಿ ಪರೀಕ್ಷೆ ನಡೆಸಿತು.

ಪದಾರ್ಥವು ಸಿದ್ಧವಾಗಿದ್ದಿತು, ಪೆಟ್ಟಿಗೆ ಸಿದ್ಧವಾಗಿರಲಿಲ್ಲ. ಅಂಗಡಿಗಳಲ್ಲಿದ್ದ ಪೆಟ್ಟಿಗೆಗಳು ಹಾಲು ಬೆಣ್ಣೆಗಳ ಮಟ್ಟಿಗೆ ತಣ್ಣಗಿದ್ದುವೇ ಹೊರತು ಸೊನ್ನೆಗಿಂತ ೧೮ ಡಿಗ್ರಿ ಕೆಳಗೆ ಇಳಿಯುವಂಥವಲ್ಲ. (ಈ ಹದಿನೆಂಟರ ಲೆಕ್ಕ ವಿನೋದವಾದುದು. ೧೭೨೪ರಲ್ಲಿ ಫ್ಯಾರನ್‌ಹೀಟನು ಮಂಜುಗಡ್ಡೆ, ನೀರು, ನವಸಾಗರ ಬೆರೆಸಿ ತನ್ನ ಮಾಪಕದ ಸೊನ್ನೆಯೆಂದು ಗುರುತಿಟ್ಟ ಬಿಂದುವೇ ಅದು. ದುಂಡು ಸಂಖ್ಯೆಯ ಮೋಹವು ಲೋಕದ ಆಹಾರಕ್ಕೆಲ್ಲ ಕಟ್ಟಳೆಯಾಗಿ ಕೂತಿದೆ.) ಆದುದರಿಂದ ಸಂಸ್ಥೆಯೇ ಪೆಟ್ಟಿಗೆಗಳನ್ನು ಅಂಗಡಿಗಳಿಗೆ ಒದಗಿಸಬೇಕಾಯಿತು. ಅವು ದುಬಾರಿಯಾದುವು, ದೇಶದಲ್ಲಿ ಆರ್ಥಿಕ ಮುಗ್ಗಟ್ಟು ಬೇರೆ. ೧೯೩೪ರಲ್ಲಿ ಅಮೆರಿಕನ್ ರೇಡಿಯೇಟರ್ ಸಂಸ್ಥೆಯಿಂದ ಕಡಮೆ ಬೆಲೆಯ ಪೆಟ್ಟಿಗೆಗಳನ್ನು ಮಾಡಿಸಿ ಅಂಗಡಿಗಳಿಗೆ ತಿಂಗಳ ಬಾಡಿಗೆಗೆ ಕೊಡತೊಡಗಿದ ಮೇಲೆಯೇ ವ್ಯಾಪಾರವು ಊರೂರಿಗೆ ಹರಡಿತು. ಹೆಪ್ಪುಗಟ್ಟಿದ ಬಟಾಣಿಯ ಇತಿಹಾಸವೆಂದು ಬರೆದಿರುವುದು ಅನೇಕಾಂಶದಲ್ಲಿ ಪೆಟ್ಟಿಗೆಯ ಇತಿಹಾಸವೆಂಬುದಕ್ಕೆ ಇದೇ ಸಾಕ್ಷಿ.

ಇಂತಹ ಪೆಟ್ಟಿಗೆಗಳಲ್ಲಿ ಬಹುಕಾಲ ಬಾಳಿದ ಆಕಾರವು ಮೇಲ್ಭಾಗ ತೆರೆದ ತೊಟ್ಟಿ. ಸೊನ್ನೆಗಿಂತ ೨೦ ಡಿಗ್ರಿ ಕೆಳಗಿರುವ ಗಾಳಿಯು ೨೫ ಡಿಗ್ರಿಯ ಗಾಳಿಗಿಂತ ನೂರಕ್ಕೆ ಸುಮಾರು ೧೮ರಷ್ಟು ಹೆಚ್ಚು ಭಾರ. ಆದುದರಿಂದ ಅದು ಕೊಳಗದಲ್ಲಿನ ನೀರಿನಂತೆ ತೊಟ್ಟಿಯೊಳಗೆ ನಿಲ್ಲುತ್ತದೆ, ಮುಚ್ಚಳವಿಲ್ಲದಿದ್ದರೂ ಚೆಲ್ಲುವುದಿಲ್ಲ. ಯುಕ್ತಿಯು ಸೊಗಸಾದುದು. ಆದರೆ ತೊಟ್ಟಿಯು ನೆಲವನ್ನು ಬಹಳ ಆಕ್ರಮಿಸುವುದು, ಸರಕು ಕಣ್ಣಿನ ಮಟ್ಟಕ್ಕೆ ಬಾರದು. ಎರಡನೆಯ ಮಹಾಯುದ್ಧದ ಅನಂತರ ವರ್ತಕರು ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದರು. ಪುಸ್ತಕದ ಬೀರುವಿನಂತೆ ಅಂತಸ್ತು ಅಂತಸ್ತಾಗಿ, ಮುಂದೆ ಬಾಗಿಲೇ ಇಲ್ಲದಂತೆ. ಈಗ ತಣ್ಣನೆಯ ಗಾಳಿಯು ಮುಂದಕ್ಕೆ ಸುರಿದುಹೋಗದಂತೆ ತಡೆಯುವುದು ಹೇಗೆ?

ಉಪಾಯವು ವಾಯುಯವನಿಕೆ. ಮೇಲಿನ ಅಂಚಿನಲ್ಲಿ ಜೇನುಗೂಡಿನಂತಹ ಸಣ್ಣ ಕಂಡಿಗಳ ಜಾಲಂದ್ರದಿಂದ ತಣ್ಣನೆಯ ಗಾಳಿಯು ಹಾಳೆಯಂತೆ ಕೆಳಗಿಳಿಯುತ್ತದೆ. ಕೆಳಗಿನ ಅಂಚಿನ ಜಾಲಂದ್ರವು ಅದನ್ನು ಒಳಗೆ ಸೆಳೆದುಕೊಂಡು, ಫ್ಯಾನಿನ ಮೂಲಕ ಶೀತನಾಳಗಳ ಮೇಲೆ ಹಾಯಿಸಿ, ಹಿಂಬದಿಯಿಂದ ಮತ್ತೆ ಮೇಲಕ್ಕೆ ಕಳುಹಿಸುತ್ತದೆ. ಗಾಳಿಯ ತೆರೆಯ ಕಲ್ಪನೆಯು ಥಿಯೋಫಿಲಸ್ ವಾನ್ ಕ್ಯಾನೆಲ್ಲನದು. ೧೯೦೪ರಲ್ಲಿ ಅದಕ್ಕೆ ಪೇಟೆಂಟನ್ನು ಪಡೆದನು. ೧೮೮೮ರಲ್ಲಿ ತಿರುಗುಬಾಗಿಲನ್ನು ನಿರ್ಮಿಸಿದವನೂ ಇವನೇ. ಎಂದೂ ತೆರೆಯದ ಬಾಗಿಲನ್ನೂ ಎಂದೂ ಮುಚ್ಚದ ಬಾಗಿಲನ್ನೂ ಒಬ್ಬನೇ ಕಂಡುಹಿಡಿದನು. ನಾಟಕದ ಯವನಿಕೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ: ಗಾಳಿಯ ತೆರೆಯು ಇಳಿಯುತ್ತ ಇಳಿಯುತ್ತ ಅಕ್ಕಪಕ್ಕದ ಗಾಳಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಕೆಳಗೆ ಹಿಂದಿರುಗುವ ಗಾಳಿಯಲ್ಲಿ ಅಂಗಡಿಯ ಬೆಚ್ಚನೆಯ ಒದ್ದೆ ಗಾಳಿಯೂ ಸೇರಿರುತ್ತದೆ. ಇಂತಹ ಪೆಟ್ಟಿಗೆಯ ಯಂತ್ರವು ಹೊರುವ ಭಾರದಲ್ಲಿ ಸುಮಾರು ಮುಕ್ಕಾಲು ಪಾಲು ಈ ಅತಿಥಿಯದೇ. ಗೋಡೆಗಳನ್ನು ಎಷ್ಟು ದಪ್ಪಮಾಡಿದರೂ ಪ್ರಯೋಜನವಿಲ್ಲದ ಸ್ಥಿತಿ ಬಂದಿತು. ಗೋಪನಯುಗದ ವಿದ್ಯೆಯೆಲ್ಲ ಇಲ್ಲಿ ನಿಷ್ಫಲವಾಯಿತು.

ಒಳಬಂದ ತೇವವು ಶೀತನಾಳದ ಮೇಲೆ ಏನುಮಾಡುವುದೆಂಬುದನ್ನು ಸ್ವಲ್ಪ ವಿವರಿಸಬೇಕು. ನಾಳಗಳ ಸುತ್ತ, ಗಾಳಿಗೆ ಹೆಚ್ಚು ಮೈ ಸಿಗಲೆಂದು, ತೆಳ್ಳನೆಯ ತಗಡಿನ ರೆಕ್ಕೆಗಳನ್ನು ಒತ್ತಾಗಿ ಜೋಡಿಸಿರುತ್ತಾರೆ. ತುಷಾರವು ಗಟ್ಟಿಯಾದ ಗಡ್ಡೆಯಲ್ಲ. ಹರಳುಗಳ ನಡುವೆ ಗಾಳಿ ತುಂಬಿರುವ ಹತ್ತಿಯಂತಹ ವಸ್ತು. ಹತ್ತಿಯಂತೆಯೇ ಅದು ಕಾವು ದಾಟದಂತೆ ತಡೆಯುತ್ತದೆ. ಇನ್ನೂ ಕೆಟ್ಟುದೆಂದರೆ ರೆಕ್ಕೆಗಳ ಸಂದುಗಳನ್ನು ಮುಚ್ಚಿ ಗಾಳಿಯ ದಾರಿಯನ್ನು ಕಟ್ಟುತ್ತದೆ. ಗಾಳಿ ಕಡಮೆಯಾದರೆ ಯವನಿಕೆ ಬಡವಾಗುವುದು. ಬಡವಾದ ಯವನಿಕೆಯು ಇನ್ನಷ್ಟು ಹೊರಗಾಳಿಯನ್ನು ಒಳಬಿಡುವುದು. ಇತ್ತ ಕಾವು ದೊರೆಯದ ನಾಳವು ಇನ್ನೂ ತಣ್ಣಗಾಗಿ ಇನ್ನೂ ಹೆಚ್ಚು ತುಷಾರವನ್ನು ಕರೆಯುವುದು. ಹಾಲು ಬೆಚ್ಚಗಾಗುವುದು, ನಾಳ ಮಾತ್ರ ತಣ್ಣಗಾಗುವುದು! ನ್ಯಾಯಶಾಸ್ತ್ರದ ಚಕ್ರಕದೋಷಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವನ್ನು ನಾನು ಕಂಡಿಲ್ಲ. ಅದಕ್ಕಾಗಿ ನಿಪುಣರಾದ ಶಿಲ್ಪಿಗಳು ಗಾಳಿ ಮೊದಲು ತಾಗುವ ಕಡೆ ರೆಕ್ಕೆಗಳನ್ನು ವಿರಳವಾಗಿಯೂ ಮುಂದೆ ಒತ್ತಾಗಿಯೂ ಇಡುವರು. ತುಷಾರವು ಹೊಸ್ತಿಲಲ್ಲಿಯೇ ರಾಶಿಬಿದ್ದು ದಾರಿ ಕಟ್ಟದಿರಲೆಂದು. ಆದರೂ ಇದು ಕಾಲಹರಣವೇ. ನಿರಸನವು ಅನಿವಾರ್ಯ.

ನಿರಸನದ ಅತ್ಯಂತ ಸರಳವಾದ ಕ್ರಮವೆಂದರೆ ಶೈತ್ಯವನ್ನು ನಿಲ್ಲಿಸಿ ಸುಮ್ಮನಿರುವುದು. ಹಾಲಿನ ಪೆಟ್ಟಿಗೆಯಲ್ಲಿ ಗಾಳಿಯು ಸೊನ್ನೆಗಿಂತ ಮೇಲಿರುವುದರಿಂದ, ದ್ರವದ ದಾರಿಯನ್ನು ಮುಚ್ಚಿ ಫ್ಯಾನನ್ನು ಮಾತ್ರ ನಡೆಯಿಸಿದರೆ ಆ ಗಾಳಿಯೇ ತುಷಾರವನ್ನು ಕರಗಿಸುವುದು. ದಿನಕ್ಕೆ ಕೆಲವು ಸಲ, ಒಂದೊಂದು ಸಲಕ್ಕೆ ಅರ್ಧ ಗಂಟೆಯಷ್ಟು ಹೊತ್ತು ಹೀಗೆ ಮಾಡುವರು. ಹೆಪ್ಪುಗಟ್ಟಿದ ಪದಾರ್ಥದ ಪೆಟ್ಟಿಗೆಗೆ ಈ ಸೌಮ್ಯೋಪಾಯ ಸಾಲದು. ಅಲ್ಲಿನ ಗಾಳಿಯೇ ಸೊನ್ನೆಗಿಂತ ಬಹಳ ಕೆಳಗಿರುವುದು. ಅಲ್ಲಿ ನಾಳಗಳ ನಡುವೆ ವಿದ್ಯುತ್ತಿನಿಂದ ಕಾಯುವ ಸಲಾಕೆಗಳನ್ನಿಟ್ಟು ಕರಗಿಸುವರು. ಮತ್ತೊಂದು ಕ್ರಮವು ಬುದ್ಧಿವಂತಿಕೆಯದು: ಕಂಪ್ರೆಸರಿನಿಂದ ಹೊರಡುವ ಬಿಸಿ ಅನಿಲವನ್ನು ಹೊರಗೆ ತಣಿಸುವ ಬದಲು, ತುಷಾರ ಹಿಡಿದ ನಾಳದೊಳಕ್ಕೇ ತಿರುಗಿಸುವುದು. ಆಗ ಕಾವು ಒಳಗಿನಿಂದ ಹುಟ್ಟಿ, ಲೋಹಕ್ಕೆ ಅಂಟಿದ ಪದರವು ಮೊದಲು ಸಡಿಲಗೊಂಡು ಉದುರುವುದು. ಆದರೆ ಈ ಬಿಸಿಯು ಬೇರೆ ಪೆಟ್ಟಿಗೆಗಳಿಂದ ತೆಗೆದ ಕಾವು. ಒಂದರ ಸ್ನಾನಕ್ಕೆ ಉಳಿದವು ನೀರು ಕಾಯಿಸಬೇಕು. ಆದುದರಿಂದ ದೊಡ್ಡ ಅಂಗಡಿಗಳಲ್ಲಿ ಒಂದೇ ಸಲಕ್ಕೆ ಕಾಲುಭಾಗಕ್ಕಿಂತ ಹೆಚ್ಚು ಪೆಟ್ಟಿಗೆಗಳನ್ನು ಕರಗಿಸಬಾರದೆಂಬ ರೂಢಿ ಬೆಳೆದಿದೆ. ಕರಗಿದ ನೀರು ಹೊರಹೋಗುವ ಕೊಳವೆಯನ್ನೂ ಮರೆಯುವಂತಿಲ್ಲ. ಶೀತಲವಾದ ಪೆಟ್ಟಿಗೆಯಲ್ಲಿ ಅದೂ ಹೆಪ್ಪುಗಟ್ಟಿ, ಕರಗಿಸಿದ ನೀರೇ ಮರುದಿನದ ಗಡ್ಡೆಯಾಗುವುದರಿಂದ ಅದಕ್ಕೂ ಕಾವು ಕೊಡಬೇಕಾಗುತ್ತದೆ.

ಇದರ ವೆಚ್ಚವನ್ನು ನೋಡಿರಿ. ಒಂದು ಗ್ರಾಮು ಆವಿಯನ್ನು ತುಷಾರವಾಗಿಸಲು ಯಂತ್ರವು ಸುಮಾರು ೬೮೦ ಕ್ಯಾಲೊರಿ ಕಾವನ್ನು ಹೊರಬೇಕು. ಅದನ್ನು ಕರಗಿಸಲು ಕೇವಲ ೮೦ ಸಾಕು. ಆದರೆ ಕೊಡುವ ಕಾವಿನ ಸ್ವಲ್ಪ ಅಂಶ ಮಾತ್ರ ತುಷಾರಕ್ಕೆ ತಲಪಿ, ಉಳಿದುದು ಲೋಹವನ್ನೂ ಗಾಳಿಯನ್ನೂ ಪದಾರ್ಥವನ್ನೂ ಬೆಚ್ಚಗೆ ಮಾಡುವುದು. ಆ ಕಾವನ್ನು ಯಂತ್ರವು ಪುನಃ ಹೊರಹಾಕಬೇಕು. ಹಣದ ವೆಚ್ಚಕ್ಕಿಂತ ಸೂಕ್ಷ್ಮವಾದ ಇನ್ನೊಂದು ಹಾನಿಯುಂಟು. ಪ್ರತಿಯೊಂದು ನಿರಸನದಲ್ಲಿಯೂ ಐಸ್ ಕ್ರೀಮು, ಮೀನು ಮುಂತಾದುವು ಕೊಂಚ ಬೆಚ್ಚಗಾಗಿ ಮತ್ತೆ ತಣ್ಣಗಾಗುತ್ತವೆ. ಆಗ ಅತಿ ಸಣ್ಣ ಹರಳುಗಳು ಕರಗಿ ಆ ನೀರು ದೊಡ್ಡ ಹರಳುಗಳನ್ನು ಸೇರಿಕೊಳ್ಳುವುದು. ದಿನಗಳು ಕಳೆದಂತೆ ಐಸ್ ಕ್ರೀಮು ನಾಲಗೆಗೆ ಮರಳು ಮರಳಾಗುವುದು. ಬರ್ಡ್ಸ್‌ಐ ಶೀಘ್ರಶೀತನದಿಂದ ಗಳಿಸಿದ ಸೂಕ್ಷ್ಮವಾದ ಹರಳನ್ನು, ಅವನ ಪದಾರ್ಥವನ್ನು ಮಾರುವ ಪೆಟ್ಟಿಗೆಯೇ ದಿನದಿನವೂ ಇಷ್ಟಿಷ್ಟಾಗಿ ಕಳೆಯುತ್ತಿರುತ್ತದೆ. ನಿರಸನವು ಕಡಮೆಯಾದರೆ ನಾಳ ಕಟ್ಟುವುದು, ಹೆಚ್ಚಾದರೆ ಸರಕು ಕೆಡುವುದು. ಎಷ್ಟು ಸಲ, ಎಷ್ಟು ಹೊತ್ತು ಎಂಬ ಪ್ರಶ್ನೆಯೇ ಈ ಶಾಸ್ತ್ರದ ಪ್ರಾಣ.

ಈ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಹೇಳುತ್ತಿರುವುದು ಗಡಿಯಾರ. ಇಷ್ಟು ಗಂಟೆಗೊಮ್ಮೆ ಎಂದು ತಿರುಪಿಟ್ಟರೆ ತುಷಾರ ಇರಲಿ ಬಿಡಲಿ ನಿರಸನ ನಡೆಯುವುದು. ಮೋಡ ಕವಿದ ದಿನ ಗಡಿಯಾರ ನೋಡಿ ಅರ್ಘ್ಯ ಕೊಡುವಂತೆ. ನಾಳ ಸಾಕಷ್ಟು ಬೆಚ್ಚಗಾದೊಡನೆ ಕಾವನ್ನು ನಿಲ್ಲಿಸುವ ಮಾಪಕಗಳು ಬಂದಿವೆ. ತುಷಾರವನ್ನು ಕಂಡೇ ನಿರಸನವನ್ನು ಆರಂಭಿಸುವ ಯುಕ್ತಿಗಳೂ ಇವೆ. ಗಾಳಿಯ ಒತ್ತಡದ ವ್ಯತ್ಯಾಸದಿಂದಲೋ ಉಷ್ಣತೆಯ ವ್ಯತ್ಯಾಸದಿಂದಲೋ ಅವು ತುಷಾರವನ್ನು ಅನುಮಾನಪ್ರಮಾಣದಿಂದ ಅರಿಯುತ್ತವೆ. ಇತ್ತೀಚಿನ ದಶಕಗಳಲ್ಲಿ ತೆರೆದ ಪೆಟ್ಟಿಗೆಗಳಿಗೆ ಗಾಜಿನ ಬಾಗಿಲುಗಳನ್ನು ಹಾಕು‌ವ ಕ್ರಮವು ಮತ್ತೆ ಬಲಗೊಂಡಿದೆ. ಫ್ರಿಯಾನಿನ ಕಥೆಯೂ ತಿರುಗಿತು. ಅದು ಆಕಾಶದ ಓಜೋನನ್ನು ಹರಿಯುವುದೆಂದು ತಿಳಿದು ೧೯೮೭ರ ಮಾಂಟ್ರಿಯಲ್ ಒಪ್ಪಂದದಿಂದ ಅದನ್ನು ಕೈಬಿಡುವ ಕ್ರಮ ಆರಂಭವಾಯಿತು, ಅದರ ಸ್ಥಾನಕ್ಕೆ ಬಂದ ಅನಿಲಗಳು ಭೂಮಿಯ ಕಾವನ್ನು ಹೆಚ್ಚಿಸುವುದರಿಂದ ೨೦೧೬ರ ಕಿಗಾಲಿ ತಿದ್ದುಪಡಿಯು ಅವನ್ನೂ ಕಡಮೆಮಾಡಹೊರಟಿದೆ. ಅನಿಲ ಯಾವುದಾದರೂ ನಾಳದ ಮೇಲಿನ ತುಷಾರ ಅದೇ.

ಈಗ ಮಂಗಳೂರಿನ ಅಂಗಡಿಗೆ ಹಿಂದಿರುಗೋಣ. ಶೀತಪೇಟಿಕೆಗಳನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ಕಟ್ಟಳೆಯಲ್ಲಿ ಹವೆಯ ಹಲವು ವರ್ಗಗಳುಂಟು. ಅವುಗಳಲ್ಲಿ ಸಾಮಾನ್ಯವಾಗಿ ಆಧಾರವಾಗಿ ಹಿಡಿಯುವುದು ೨೫ ಡಿಗ್ರಿ ಉಷ್ಣತೆ, ನೂರಕ್ಕೆ ೬೦ ಆರ್ದ್ರತೆಯ ವರ್ಗ. ಅಂತಹ ಗಾಳಿಯ ಒಂದು ಕಿಲೋಗ್ರಾಮಿನಲ್ಲಿ ಸುಮಾರು ೧೨ ಗ್ರಾಮು ನೀರಿರುತ್ತದೆ. ಹಾಲಿನ ಪೆಟ್ಟಿಗೆಯ ನಾಳವು ಸೊನ್ನೆಗಿಂತ ೭ ಡಿಗ್ರಿ ಕೆಳಗಿದ್ದರೆ, ಅದನ್ನು ತಾಗಿದ ಗಾಳಿಯು ೨ ಗ್ರಾಮನ್ನು ಮಾತ್ರ ಉಳಿಸಿಕೊಂಡು ೧೦ ಗ್ರಾಮನ್ನು ಅಲ್ಲಿಯೇ ಬಿಡಬೇಕು. ಬೆಂಗಳೂರಿನ ಬೇಸಗೆಯಲ್ಲಿ, ೩೨ ಡಿಗ್ರಿ ಕಾವಿದ್ದು ಆರ್ದ್ರತೆ ನೂರಕ್ಕೆ ೨೫ ಇರುವ ಮಧ್ಯಾಹ್ನ, ಗಾಳಿಯಲ್ಲಿರುವುದೇ ಸುಮಾರು ೮ ಗ್ರಾಮು, ಬಿಡುವುದು ೬. ಮಂಗಳೂರಿನ ಮಳೆಗಾಲದಲ್ಲಿ, ೨೮ ಡಿಗ್ರಿಯಿದ್ದು ಆರ್ದ್ರತೆ ನೂರಕ್ಕೆ ೯೦ ಇರುವ ದಿನ, ಗಾಳಿಯಲ್ಲಿ ಸುಮಾರು ೨೧ ಗ್ರಾಮು, ಬಿಡುವುದು ೧೯. ಅಂಗಡಿಯ ಉಷ್ಣತೆ ಬೆಂಗಳೂರಿಗಿಂತ ಕಡಮೆಯಿದ್ದರೂ ತುಷಾರವು ಮೂರು ಪಾಲಿಗಿಂತ ಹೆಚ್ಚು. ಮೆಕ್ಯಾನಿಕ್ಕನು ಥರ್ಮಾಮೀಟರನ್ನು ನೋಡಿ ಯಂತ್ರಕ್ಕೆ ದೋಷವಿಲ್ಲವೆಂದುದು ಸತ್ಯವೇ. ಗಡಿಯಾರದ ತಿರುಪು ಎರಡೂ ಊರುಗಳಲ್ಲಿ ದಿನಕ್ಕೆ ನಾಲ್ಕೇ ಸಲವೆಂದಿದ್ದಿತು.

ಪರಿಚಿತರು ತೂತನ್ನು ಬೆಸೆಸಿ, ಅನಿಲ ತುಂಬಿಸಿ, ಮುಂಭಾಗಕ್ಕೆ ಗಾಜಿನ ಬಾಗಿಲುಗಳನ್ನು ಹಾಕಿಸಿದರು. ಗಿರಾಕಿಗಳು ಬಾಗಿಲನ್ನು ಸರಿಯಾಗಿ ಮುಚ್ಚುವುದಿಲ್ಲವೆಂಬ ದೂರು ಈಗಲೂ ಇದೆ. ಗಡಿಯಾರದ ತಿರುಪನ್ನು ಬದಲಾಯಿಸಲು ಅವರು ಯಾವ ಕೋಷ್ಟಕವನ್ನೂ ನೋಡುವುದಿಲ್ಲ. ಅಂಗಡಿಯ ಗೋಡೆಯ ಪಂಚಾಂಗವನ್ನು ನೋಡುತ್ತಾರೆ. ಆರ್ದ್ರಾ ಮಳೆ ಹೊಕ್ಕ ದಿನ ನಾಲ್ಕನ್ನು ಎಂಟು ಮಾಡುತ್ತಾರೆ, ಚಿತ್ತಾ ಮಳೆ ಮುಗಿದ ಮೇಲೆ ಮತ್ತೆ ನಾಲ್ಕಕ್ಕೆ ತರುತ್ತಾರೆ. ಕಳೆದ ಎರಡು ಮಳೆಗಾಲಗಳಲ್ಲಿ ಹಾಲು ಒಡೆದಿಲ್ಲ.